ಬಲೂನಿಗಿಂತ ಮೊದಲು ಕಾವಲು ಉಳಿಯಲಿ

ಮಾನ್ಯ ಸಂಪಾದಕರೇ,

ಕೆನ್ಯಾದ ಮಸಾಯಿ ಮಾರಾದಲ್ಲಿ ಬಿಸಿಗಾಳಿ ಬಲೂನಿನಿಂದ ವನ್ಯಜೀವಿಗಳನ್ನು ನೋಡಿ ಬಂದವರ ಅನುಭವ ಪತ್ರಿಕೆಗಳಲ್ಲಿ ಬಂದಾಗಲೆಲ್ಲ, ಮುಳ್ಳಯ್ಯನಗಿರಿಯ ತಪ್ಪಲಿನಲ್ಲೋ ಸಕಲೇಶಪುರದ ಕಡೆಯಲ್ಲೋ ಅಂಥದೇ ಹಾರಾಟ ಆರಂಭವಾಗಬೇಕೆಂಬ ಮಾತು ನಮ್ಮ ಭಾಗದಲ್ಲಿ ಕೇಳಿಬರುತ್ತದೆ. ಅಲ್ಲಿ ಅದು ಹೇಗೆ ಸಾಧ್ಯವಾಗಿದೆ ಎಂಬುದನ್ನು ಮೊದಲು ಯೋಚಿಸಬೇಕೆಂದು ನನ್ನ ಕೋರಿಕೆ.

ಬಲೂನಿಗೆ ಚುಕ್ಕಾಣಿ ಇರುವುದಿಲ್ಲ. ಪ್ರೊಪೇನ್ ಉರಿ ಹೆಚ್ಚಿಸಿ ಮೇಲೇರುವುದು, ಒಳಗಿನ ಗಾಳಿ ತಣಿದಂತೆ ಕೆಳಗಿಳಿಯುವುದು, ಬೇರೆ ಬೇರೆ ಎತ್ತರದಲ್ಲಿ ಬೀಸುವ ಗಾಳಿಯಲ್ಲಿ ಬೇಕಾದ ದಿಕ್ಕನ್ನು ಹುಡುಕಿಕೊಳ್ಳುವುದು, ಇಷ್ಟೇ ಪೈಲಟ್ ಕೈಯಲ್ಲಿರುವುದು. ಬಿಸಿಲಿಗೆ ನೆಲ ಕಾದು ಗಾಳಿ ಕದಡುವ ಮೊದಲೇ, ಸೂರ್ಯೋದಯದ ಹೊತ್ತಿಗೆ ಹೊರಟು, ಸುಮಾರು ಒಂದು ಗಂಟೆ ತೇಲಿ, ಗಾಳಿ ಒಯ್ದಲ್ಲಿ ಇಳಿಯಬೇಕು. ಮಾರಾ ಅಭಯಾರಣ್ಯ ಸುಮಾರು 1,510 ಚದರ ಕಿಲೋಮೀಟರ್. ಅದಕ್ಕೆ ತಾಗಿಕೊಂಡ ತಾಂಜಾನಿಯಾದ ಸೆರೆಂಗೆಟಿ 14,000 ಚದರ ಕಿಲೋಮೀಟರಿಗೂ ಹೆಚ್ಚು. ಹತ್ತು ಲಕ್ಷ ಮೀರಿದ, ದೊಡ್ಡ ಹುಲ್ಲೆಗಳಾದ ವಿಲ್ಡೆಬೀಸ್ಟ್‌ಗಳು ಹಿಂಡುಗಟ್ಟಿ ಸಾಗುವುದು ಮೇಲಿನಿಂದ ಅಷ್ಟು ಸ್ಪಷ್ಟವಾಗಿ ಕಾಣುವುದು ಆ ಬಯಲಿನಲ್ಲಿ ಮರದ ಮರೆ ಇಲ್ಲದ್ದರಿಂದ.

ನಮ್ಮ ಮಲೆನಾಡಿನಲ್ಲಿ ಮೇಲಿನಿಂದ ಕಾಣುವುದು ಮರಗಳ ನೆತ್ತಿ ಮಾತ್ರ. ಇಳಿಯಲು ಬಯಲಿಲ್ಲ, ತೋಟಗಳ ನಡುವೆ ವಿದ್ಯುತ್ ತಂತಿಗಳಿವೆ. 2012ರಲ್ಲಿ ನ್ಯೂಜಿಲೆಂಡಿನ ಕಾರ್ಟರ್ಟನ್ ಬಳಿ ಬಲೂನೊಂದು ತಂತಿಗೆ ತಗುಲಿ 11 ಮಂದಿ ಸತ್ತರು. ಇದಕ್ಕಿಂತ ನನ್ನನ್ನು ಕಾಡುವುದು ಆನೆಗಳ ವಿಚಾರ. ಉರಿ ಹೊತ್ತಿಸಿದಾಗಿನ ಭೋರ್ಗರೆತಕ್ಕೆ ಆನೆಗಳು ಬೆದರುತ್ತವೆ. ಆಲೂರು, ಬೇಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ರಾತ್ರಿ ಗದ್ದೆಗಿಳಿದ ಆನೆಗಳು ಕಾಫಿ ತೋಟಕ್ಕೆ ಮರಳುವುದೂ ಕೂಲಿಯಾಳುಗಳು ಅದೇ ತೋಟಕ್ಕೆ ನಡೆದು ಹೋಗುವುದೂ ಬೆಳಗಿನ ಹೊತ್ತಿನಲ್ಲೇ. ಬೆದರಿದ ಆನೆಯ ಎದುರಿಗೆ ಸಿಗುವವರು ಬುಟ್ಟಿಯಲ್ಲಿ ನಿಂತ ಪ್ರವಾಸಿಗರಲ್ಲ, ಈ ಕೆಲಸಗಾರರು.

ಮಾರಾದ ಬಯಲನ್ನು ನೆನಪಿಸುವ ನೆಲ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇರುವುದು ಮಲೆನಾಡಿನಲ್ಲಲ್ಲ, ಕಡೂರು ಸೀಮೆಯ ಅಮೃತ ಮಹಲ್ ಕಾವಲುಗಳಲ್ಲಿ, ಅಂದರೆ ಅಮೃತ ಮಹಲ್ ತಳಿಯ ದನಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ. ಕೃಷ್ಣಮೃಗಗಳಿರುವ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹಾಗೆಂದು ಅಲ್ಲಿಯೂ ಬಲೂನು ಬೇಡ: ಏಳೆಂಟು ಚದರ ಕಿಲೋಮೀಟರಿನ ಆ ಹುಲ್ಲುಗಾವಲನ್ನು ಸಾಧಾರಣ ಗಾಳಿಯಲ್ಲೂ ಅದು ಅರ್ಧ ಗಂಟೆಯೊಳಗೆ ದಾಟಿ ಯಾರದೋ ರಾಗಿ ಹೊಲದಲ್ಲಿ ಇಳಿಯಬೇಕಾಗುತ್ತದೆ, ತಲೆಯ ಮೇಲಿನ ಸದ್ದಿಗೆ ಓಡುವ ಜಿಂಕೆಗಳಿಗೆ ಬೇರೆ ಕಡೆ ಹೋಗಲು ಜಾಗವೇ ಇಲ್ಲ.

ಆದ್ದರಿಂದ ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳು ಉಳಿದಿರುವ ಕಾವಲುಗಳ ಗಡಿಯನ್ನು ಅಳೆದು ಕಲ್ಲು ನೆಡಿಸಲಿ, ಹುಲ್ಲಿನ ನೆಲದಲ್ಲಿ ನೀಲಗಿರಿ, ಅಕೇಶಿಯಾ ಬೆಳೆಸದಿರಲಿ. ಕಾವಲಿನ ಅಂಚಿನಲ್ಲಿ ಒಂದು ವೀಕ್ಷಣಾ ಗೋಪುರ ಕಟ್ಟಿಸಿ, ನಾಲ್ಕು ದುರ್ಬೀನು ಇಟ್ಟು, ಸುತ್ತಲಿನ ಊರುಗಳ ಶಾಲಾ ಮಕ್ಕಳನ್ನು ಮೊದಲು ಕರೆತರಲಿ.

ಇತಿ,
ಓದುಗ, ಕಡೂರು