ಸಂಜೆಯೂ ತೆರೆದಿರಲಿ ವಸ್ತುಸಂಗ್ರಹಾಲಯ

ಮಾನ್ಯ ಸಂಪಾದಕರೇ,

ಮಹಾನಗರಗಳ ನಡುಭಾಗದಲ್ಲಿರುವ ಇತಿಹಾಸ ಮತ್ತು ಸಂಸ್ಕೃತಿಯ ವಸ್ತುಸಂಗ್ರಹಾಲಯಗಳಿಗೆ ಶಾಲಾ ಮಕ್ಕಳು ಹಾಗೂ ಪ್ರವಾಸಿಗರನ್ನು ಬಿಟ್ಟರೆ ಯಾರೂ ಬರುವುದಿಲ್ಲ, ಊರಿನವರಿಗೇ ಚರಿತ್ರೆಯಲ್ಲಿ ಆಸಕ್ತಿ ಉಳಿದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಈ ದೂರನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಆ ಕಟ್ಟಡಗಳ ಸುತ್ತಮುತ್ತಲಿನ ಕಚೇರಿ, ಬ್ಯಾಂಕು, ನ್ಯಾಯಾಲಯ, ಅಂಗಡಿಗಳಲ್ಲಿ ದುಡಿಯುವ ಸಾವಿರಾರು ಮಂದಿ ಕೆಲಸಕ್ಕೆ ಹೋಗುವಾಗ ಅವುಗಳ ಬಾಗಿಲು ಇನ್ನೂ ತೆರೆದಿರುವುದಿಲ್ಲ, ಕೆಲಸ ಮುಗಿಸಿ ಹೊರಬರುವಷ್ಟರಲ್ಲಿ ಮುಚ್ಚಿರುತ್ತದೆ. ದಿನವೂ ಎದುರಿಗೇ ಓಡಾಡುವವರನ್ನು ಹೊರಗಿಡುವಂಥ ವೇಳಾಪಟ್ಟಿ ಹಾಕಿಕೊಂಡು, ಜನ ಬರುವುದಿಲ್ಲ ಎಂದು ಕೊರಗುವುದು ಸರಿಯಲ್ಲ.

ಸಂಜೆ ತೆರೆದಿಡಿ ಎಂಬುದು ಹೊಸ ಬೇಡಿಕೆಯೂ ಅಲ್ಲ. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಹೆಸರಾಗಿರುವ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ 1857ರಲ್ಲಿ ಆರಂಭವಾದಾಗಲೇ, ಹಗಲೆಲ್ಲ ದುಡಿಯುವವರಿಗೂ ನೋಡಲು ಸಾಧ್ಯವಾಗಲೆಂದು ಅದರ ಮೊದಲ ನಿರ್ದೇಶಕ ಹೆನ್ರಿ ಕೋಲ್ ಗ್ಯಾಸ್ ದೀಪಗಳ ಬೆಳಕಿನಲ್ಲಿ ರಾತ್ರಿಯೂ ಬಾಗಿಲು ತೆರೆಸಿದ್ದರು. ವಿದ್ಯುತ್ತಿಲ್ಲದ ಕಾಲದಲ್ಲಿ ಆದದ್ದು ಈಗ ಆಗುವುದಿಲ್ಲ ಎಂದರೆ ನಂಬುವುದು ಕಷ್ಟ. ಪ್ಯಾರಿಸ್ಸಿನ ಲೂವ್ರ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಂತಹ ಸಂಸ್ಥೆಗಳು ವಾರದಲ್ಲಿ ಒಂದೆರಡು ದಿನವಾದರೂ ಹೊತ್ತು ಮುಳುಗಿದ ಮೇಲೂ ತೆರೆದಿರುವ ಪದ್ಧತಿಯನ್ನು ಉಳಿಸಿಕೊಂಡು ಬಂದಿವೆ.

ಸಂಜೆಯ ಭೇಟಿಗೆ ಇನ್ನೊಂದು ಗುಣವಿದೆ. ರಜಾದಿನದಂದು ಮನೆಮಂದಿಯೆಲ್ಲ ದೂರದಿಂದ ಬಂದಾಗ, ಬಂದದ್ದಕ್ಕೆ ಎಲ್ಲವನ್ನೂ ನೋಡಿಬಿಡೋಣ ಎಂಬ ಹಟ ಹತ್ತುತ್ತದೆ. ಲೂವ್ರ್‌ನಲ್ಲಿ ಪ್ರದರ್ಶನಕ್ಕಿಟ್ಟಿರುವ ಕೃತಿಗಳೇ ಸುಮಾರು 35,000. ನಿಮಿಷಕ್ಕೊಂದರಂತೆ ನೋಡಿದರೂ 580 ಗಂಟೆಗೂ ಹೆಚ್ಚು ಹೊತ್ತು ಬೇಕು. ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು ಹೀಗೆ ನೋಡುತ್ತ ಹೋಗುವವರಿಗೆ ಆಗುವ ದಣಿವಿನ ಬಗ್ಗೆಯೇ 1916ರಲ್ಲಿ ಲೇಖನ ಬರೆದು, ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳನ್ನು ಸರಿಯಾಗಿ ಕಾಣಲು ಒಬ್ಬ ಮನುಷ್ಯ ಎಷ್ಟು ಬಾಗಬೇಕು, ಕುಕ್ಕರಗಾಲಿನಲ್ಲಿ ಕೂರಬೇಕು ಎಂಬುದನ್ನು ಛಾಯಾಚಿತ್ರಗಳ ಮೂಲಕ ತೋರಿಸಿದ್ದರು. ಕಚೇರಿ ಬಿಟ್ಟ ಮೇಲೆ ಮುಕ್ಕಾಲು ಗಂಟೆಯ ಮಟ್ಟಿಗೆ ಒಳಗೆ ಬರುವವನಿಗೆ ಎಲ್ಲವನ್ನೂ ನೋಡಿಬಿಡುವ ಹಟವಿರುವುದಿಲ್ಲ. ಇವತ್ತು ನಾಣ್ಯಗಳ ಕೋಣೆ, ಮುಂದಿನ ವಾರ ಶಾಸನಗಳು ಎಂದು ಆತ ನಿಧಾನವಾಗಿ ನೋಡಬಲ್ಲ. ನಾಣ್ಯದ ಮೇಲಿನ ಅಕ್ಷರಗಳನ್ನು ಬಿಡಿಸಿ ಓದಲೂ ಅವನಿಗೆ ಪುರಸೊತ್ತಿರುತ್ತದೆ.

ಆದರೆ ಮುಕ್ಕಾಲು ಗಂಟೆಗಾಗಿ ಪ್ರತಿಸಲವೂ ಪೂರ್ಣ ಟಿಕೆಟ್ ಕೊಳ್ಳಬೇಕಾದರೆ ಯಾರೂ ಬರಲಾರರು. ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಶಾಶ್ವತ ವಿಭಾಗಗಳಿಗೆ 2001ರ ಡಿಸೆಂಬರ್‌ನಿಂದ ಪ್ರವೇಶ ಶುಲ್ಕವಿಲ್ಲ. ಎಲ್ಲೆಡೆಯೂ ಅಷ್ಟು ಉದಾರವಾಗಿರಲು ಸಾಧ್ಯವಿಲ್ಲದಿದ್ದರೆ, ವರ್ಷವಿಡೀ ನಡೆಯುವ ಪಾಸನ್ನಾದರೂ ಕಡಿಮೆ ದರದಲ್ಲಿ ಕೊಡಬಹುದು.

ಈ ಸಲಹೆಗೆ ಬರುವ ಆಕ್ಷೇಪಗಳಲ್ಲಿ ಕಾವಲುಗಾರರ ಸಂಬಳದ್ದು ಒಂದು. ಅದು ಹಣಕಾಸಿನ ಪ್ರಶ್ನೆ, ಮನಸ್ಸಿದ್ದರೆ ಬಗೆಹರಿಯುತ್ತದೆ. ಹೆಚ್ಚು ತೂಕದ ಆಕ್ಷೇಪ ಬೆಳಕಿನದು. ಹಳೆಯ ಬಟ್ಟೆ, ಹಸ್ತಪ್ರತಿ, ಜಲವರ್ಣ ಚಿತ್ರಗಳಿಗೆ ಬೆಳಕಿನಿಂದ ಆಗುವ ಹಾನಿ ಸ್ವಲ್ಪ ಸ್ವಲ್ಪವಾಗಿ ಸೇರುತ್ತಲೇ ಹೋಗುತ್ತದೆ, ಮಾಸಿದ ಬಣ್ಣವನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಆದ್ದರಿಂದಲೇ ಅಂಥ ಕೋಣೆಗಳಲ್ಲಿ ಬೆಳಕನ್ನು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಆಸುಪಾಸಿನಲ್ಲಿ, ಅಂದರೆ ಮಂದವಾಗಿಯೇ, ಇರಿಸುತ್ತಾರೆ. ಒಳಗೆ ಕತ್ತಲೆ ಎಂದು ಗೊಣಗುವವರಿಗೆ ಈ ಕಾರಣ ಗೊತ್ತಿರುವುದಿಲ್ಲ, ಗೋಡೆಯ ಮೇಲೆ ಬರೆದು ಹಾಕುವವರೂ ಕಡಿಮೆ. ತೆರೆದಿರುವ ಗಂಟೆಗಳು ಹೆಚ್ಚಿದಷ್ಟೂ ಇವುಗಳ ಆಯುಷ್ಯ ಕುಂದುತ್ತದೆ ಎಂಬುದು ನಿಜ. ಆದರೆ ಕಲ್ಲಿನ ಶಾಸನ, ಲೋಹದ ನಾಣ್ಯ, ಮಡಕೆಗಳಿಗೆ ಈ ಭಯವಿಲ್ಲ. ಆದ್ದರಿಂದ ಬಟ್ಟೆ ಮತ್ತು ಕಾಗದದ ವಿಭಾಗಗಳನ್ನು ಎಂದಿನ ಹೊತ್ತಿಗೇ ಮುಚ್ಚಿ, ಉಳಿದವನ್ನು ವಾರಕ್ಕೆರಡು ಸಂಜೆ ಎಂಟು ಗಂಟೆಯವರೆಗೆ ತೆರೆದಿಡಬಹುದು. ಆ ಸಂಜೆ ಯಾವ ಕೋಣೆಗಳು ತೆರೆದಿವೆ ಎಂಬುದನ್ನು ಬೀದಿಯಲ್ಲಿ ಹೋಗುವವರಿಗೆ ಕಾಣುವಂತೆ ಗೇಟಿನ ಹೊರಗೇ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಬೇಕು. ಆರು ತಿಂಗಳು ಹೀಗೆ ನಡೆಸಿ ನೋಡಿ, ಬಂದವರ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

ಇತಿ,
ಒಬ್ಬ ಓದುಗ