ಇತ್ತ ಕಡೆ ಕ್ಷೇಮ

ಸ್ಟುಟ್‌ಗಾರ್ಟ್, ಜರ್ಮನಿ
ಭಾನುವಾರ, 10 ನವೆಂಬರ್ 2024

ತೀರ್ಥರೂಪು ಅಪ್ಪಾಜಿಯವರಿಗೂ ಅವ್ವನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

"ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಕಾಗದ ಬರೆಯಿರಿ" ಎಂದು ಕಾಗದ ಆರಂಭಿಸುವುದನ್ನು ನನಗೆ ಕಲಿಸಿದವರು ಅಪ್ಪಾಜಿ. ರಾತ್ರಿ ಪಾಳಿ ಮುಗಿಸಿ ಬಂದರೂ ಪಕ್ಕದಲ್ಲಿ ಕೂತು, ಇನ್‌ಲ್ಯಾಂಡ್ ಕಾಗದದ ಮೇಲೆ ಅಜ್ಜಿಗೆ ಬರೆಸುತ್ತಿದ್ದಿರಿ. ಇವತ್ತು ಅದೇ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ನಿಮಗೆ ಈ ಒಂದೂವರೆ ವರ್ಷದಲ್ಲಿ ಫೋನಿನಲ್ಲಿ ಹೇಳಿದ ಸುಳ್ಳುಗಳೇ ಸಾಕು. ಕಾಗದದಲ್ಲಿಯೂ ಬರೆಯಲು ಮನಸ್ಸಾಗಲಿಲ್ಲ.

ನಾಳೆಯಿಂದ ನಾನು ಪೂರ್ತಿ ಹೊತ್ತಿನ ಕೆಲಸಕ್ಕೆ ಹೋಗುತ್ತಿದ್ದೇನೆ. ಇದನ್ನು ಓದಿದ ಕೂಡಲೇ ಅವ್ವ "ಅಂತೂ ಗುಣವಾಯಿತಲ್ಲ" ಎಂದು ಗುಡಿಗೆ ಹೋಗಿ ಕಾಯಿ ಒಡೆಸುತ್ತಾಳೆ. ಒಡೆಸು ಅವ್ವ, ಆದರೆ ಗುಣವಾಗಿಲ್ಲ. ನೋವು ಇದೆ. ಈ ಕಾಗದ ಬರೆಯುವಾಗಲೂ ಎರಡೂ ಹೆಗಲಲ್ಲಿ, ಸೊಂಟದಲ್ಲಿ, ಬೆರಳುಗಳ ಬುಡದಲ್ಲಿ ಇದೆ. ಅದು ಹೋಗಲೆಂದು ಕಾಯುವುದನ್ನು ಬಿಟ್ಟಿದ್ದೇನೆ, ಅದರ ಜೊತೆಗೇ ಕೆಲಸ ಮಾಡುವುದನ್ನು ಕಲಿತಿದ್ದೇನೆ. ಈ ಎರಡರ ನಡುವಿನ ವ್ಯತ್ಯಾಸ ನಿಮಗೆ ತಿಳಿಯಬೇಕೆಂದೇ ಇಷ್ಟುದ್ದ ಬರೆಯುತ್ತಿರುವುದು.

ಕಾಯಿಲೆಯ ಹೆಸರು ಫೈಬ್ರೋಮಯಾಲ್ಜಿಯಾ. ಇದು ಸಂಧಿವಾತವಲ್ಲ, ಮೂಳೆ ಸವೆದಿಲ್ಲ, ರಕ್ತಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಏನೂ ಕಾಣುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಅಳಿಸಿದ್ದು. ಮೊದಲು ನೋಡಿದ ವೈದ್ಯರು ವರದಿಗಳನ್ನೆಲ್ಲ ಜೋಡಿಸಿ ಕೊಟ್ಟು, "ಎಲ್ಲ ಸರಿಯಾಗಿದೆ, ಸ್ವಲ್ಪ ರಜೆ ಹಾಕಿ" ಎಂದರು. ಕಳೆದ ವರ್ಷ ಅಕ್ಟೋಬರಿನಲ್ಲಿ ಸಂಧಿರೋಗ ತಜ್ಞೆಯೊಬ್ಬರು ಮುಕ್ಕಾಲು ಗಂಟೆ ಕೂರಿಸಿಕೊಂಡು ಕೇಳಿ ಹೆಸರು ಹೇಳಿದರು. ಅವರು ವಿವರಿಸಿದ್ದನ್ನು ನಾನು ನಮ್ಮ ಊರಿನ ರೀತಿಯಲ್ಲಿ ಹೇಳುತ್ತೇನೆ: ಕಣ ಕಾಯುವ ನಾಯಿ ಕಳ್ಳ ಬಂದರೆ ಬೊಗಳಬೇಕು. ನನ್ನ ನರಮಂಡಲದ ನಾಯಿ ಎಲೆ ಅಲುಗಿದರೂ ಬೊಗಳುತ್ತದೆ, ರಾತ್ರಿಯಿಡೀ ಬೊಗಳುತ್ತದೆ. ಕಳ್ಳನಿಲ್ಲ, ಬೊಗಳಿಕೆ ಮಾತ್ರ ನಿಜ. ನಿದ್ದೆಗೆಡುವುದೂ ನಿಜ. ಎಂಟು ಗಂಟೆ ಮಲಗಿ ಎದ್ದರೂ ಕಟಾವಿನ ದಿನ ಮುಗಿಸಿ ಬಂದ ಮೈಯಂತೆ ಇರುತ್ತದೆ.

ಸುಸ್ತು ಎಂಬ ಮಾತು ಇದಕ್ಕೆ ಸಾಲದು. ಸುಸ್ತಾದರೆ ಮಲಗಿ ಎದ್ದಾಗ ಹೋಗಬೇಕು. ಇದು ಹೋಗುವುದಿಲ್ಲ, ಮೇಲಾಗಿ ಇವತ್ತು ಮಾಡಿದ ಕೆಲಸದ ಲೆಕ್ಕವನ್ನು ನಾಳೆಯೋ ನಾಡಿದ್ದೋ ಬಡ್ಡಿ ಸೇರಿಸಿ ಕೇಳುತ್ತದೆ. ಭಾನುವಾರ ಚೆನ್ನಾಗಿದ್ದೇನೆಂದು ಮನೆಯೆಲ್ಲ ಒರೆಸಿದರೆ ಮಂಗಳವಾರ ತಲೆ ಬಾಚಲು ಕೈ ಏಳುವುದಿಲ್ಲ.

ಕಳೆದ ಡಿಸೆಂಬರಿನಿಂದ ನಾನು ಕೆಲಸಕ್ಕೆ ಹೋಗುತ್ತಿರಲಿಲ್ಲ. ಹೌದು, ಡಿಸೆಂಬರಿನಿಂದ. ನೀವು ಫೋನ್ ಮಾಡಿದಾಗಲೆಲ್ಲ ಮೊಬೈಲನ್ನು ಪುಸ್ತಕಕ್ಕೆ ಒರಗಿಸಿ, ಬೆನ್ನಿಗೆ ಮೂರು ದಿಂಬು ಕೊಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದೆ. ಆಗ ತಾನೇ ಕಚೇರಿಯಿಂದ ಬಂದವಳಂತೆ ಮಾತನಾಡುತ್ತಿದ್ದೆ. ಹತ್ತು ನಿಮಿಷವಾದ ಮೇಲೆ ಸಿಗ್ನಲ್ ಸರಿಯಿಲ್ಲ ಎನ್ನುತ್ತಿದ್ದೆನಲ್ಲ, ಸಿಗ್ನಲ್ ಸರಿಯಾಗಿಯೇ ಇರುತ್ತಿತ್ತು.

ಯಾಕೆ ಮುಚ್ಚಿಟ್ಟೆ ಎಂದರೆ, ಅಪ್ಪಾಜಿ, ಒಂದು ಮಾತಿಗೆ ಹೆದರಿ. ದಾವಣಗೆರೆಯ ಮಿಲ್ಲಿನಲ್ಲಿ ನಿಮ್ಮ ಜೊತೆ ಸ್ಪಿನ್ನಿಂಗ್ ವಿಭಾಗದಲ್ಲಿದ್ದ ಒಬ್ಬರು ಸೊಂಟನೋವೆಂದು ಮೇಲಿಂದ ಮೇಲೆ ಇಎಸ್‌ಐ ಆಸ್ಪತ್ರೆಯ ಚೀಟಿ ತರುತ್ತಿದ್ದರು. ನೀವೆಲ್ಲ ಅವರನ್ನು ಮೈಗಳ್ಳ ಎನ್ನುತ್ತಿದ್ದಿರಿ. ನೀವು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಸಾಲಿನ ಕೆಲಸವನ್ನೂ ನೀವೇ ನೋಡಬೇಕಾಗುತ್ತಿತ್ತು. ನೀವು ಜ್ವರದಲ್ಲಿಯೂ ಸೈರನ್ ಕೂಗುವ ಮೊದಲೇ ಗೇಟಿನಲ್ಲಿರುತ್ತಿದ್ದವರು. ಆದರೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆ ಮಾತು ಕೇಳಿಸಿಕೊಂಡ ಮಗುವಿನ ಕಿವಿಯಲ್ಲಿ ಅದು ಉಳಿದುಬಿಟ್ಟಿತು. ಹಾಸಿಗೆಯಿಂದ ಏಳಲಾಗದ ಬೆಳಿಗ್ಗೆಗಳಲ್ಲಿ ನನ್ನನ್ನು ನಾನೇ ಹಾಗೆ ಕರೆದುಕೊಂಡೆ, ನಿಮ್ಮ ದನಿಯಲ್ಲಿ.

ಹಣಕ್ಕೆ ಏನು ಮಾಡಿದೆ ಎಂದು ಈಗ ಕೇಳುತ್ತೀರಿ. ಇಲ್ಲಿ ಕಾಯಿಲೆ ಬಿದ್ದರೆ ಮೊದಲ 6 ವಾರ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು. ಆಮೇಲೆ ಆರೋಗ್ಯ ವಿಮೆಯವರು ಸುಮಾರು 70% ಕೊಡುತ್ತಾರೆ. ಒಂದೇ ಕಾಯಿಲೆಗೆ ಮೂರು ವರ್ಷದ ಅವಧಿಯಲ್ಲಿ, ಆ ಮೊದಲ 6 ವಾರವೂ ಸೇರಿ, 78 ವಾರದವರೆಗೆ ಹೀಗೆ ಹಣ ಸಿಗುತ್ತದೆ. ನಮ್ಮ ಇಎಸ್‌ಐಯಲ್ಲಿಯೂ ಈಗ ಕೂಲಿಯ 70% ಎಂದೇ ಇದೆ, ಆದರೆ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ ಮಾತ್ರ. ನನ್ನಂಥ ಮೈಗೆ 91 ದಿನ ಎಲ್ಲಿ ಸಾಕು? ಜನವರಿಯಿಂದ ನಿಮಗೆ ಕಳಿಸುವುದು ಕಡಿಮೆಯಾದದ್ದು ಈ ಕಾರಣಕ್ಕೆ, "ಬಾಡಿಗೆ ಹೆಚ್ಚಾಯಿತು" ಎಂದದ್ದು ಸುಳ್ಳು. ಇನ್ನೊಂದು ವಿಷಯ ನನಗೆ ಬಹಳ ಸಮಾಧಾನ ಕೊಟ್ಟಿತು. ಇಲ್ಲಿ ವೈದ್ಯರ ಚೀಟಿಯಲ್ಲಿ ಎಷ್ಟು ದಿನ ರಜೆ ಎಂಬುದು ಮಾತ್ರ ಕಂಪನಿಗೆ ತಿಳಿಯುತ್ತದೆ, ಕಾಯಿಲೆಯ ಹೆಸರು ತಿಳಿಯುವುದಿಲ್ಲ. ಹೇಳುವುದು ಬಿಡುವುದು ನನ್ನ ಇಷ್ಟ.

ಮೇ ತಿಂಗಳಲ್ಲಿ ಮೂರು ವಾರ ಬಾಡ್ ವಿಲ್ಡ್‌ಬಾಡ್ ಎಂಬ ಊರಿನ ಪುನಶ್ಚೇತನ ಆಸ್ಪತ್ರೆಯಲ್ಲಿದ್ದೆ. ಬ್ಲ್ಯಾಕ್ ಫಾರೆಸ್ಟ್ ಕಾಡಿನ ನಡುವೆ ಬಿಸಿನೀರಿನ ಬುಗ್ಗೆಗಳಿರುವ ಊರು. ನೀರಿನಲ್ಲಿ ಎದೆಮಟ್ಟ ನಿಂತು ಕೈಕಾಲು ಆಡಿಸುವುದು, ನಿಧಾನವಾಗಿ ನಡೆಯುವುದು, ರಾತ್ರಿ ಒಂದು ಸಣ್ಣ ಮಾತ್ರೆ. ಇಷ್ಟೇ. ಅವ್ವ ಕಳಿಸಿದ ಮಹಾನಾರಾಯಣ ತೈಲವನ್ನು ಈಗಲೂ ಬಿಸಿ ಮಾಡಿ ಹಚ್ಚಿಕೊಳ್ಳುತ್ತೇನೆ, ಆ ವಾಸನೆಗೇ ಅರ್ಧ ನೋವು ಇಳಿದಂತಾಗುತ್ತದೆ. ಬೆಳಿಗ್ಗೆಯೇ ಇಡೀ ದಿನದ ಶಕ್ತಿಯನ್ನು ಹಂಚಿಕೊಳ್ಳುವುದನ್ನು ಅಲ್ಲಿ ಕಲಿತೆ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಕಾಲದಲ್ಲಿ ಅವ್ವ ಕೊಡಗಳಲ್ಲಿ ತುಂಬಿದ ನೀರನ್ನು ಕುಡಿಯಲು ಇಷ್ಟು, ಪಾತ್ರೆಗೆ ಇಷ್ಟು ಎಂದು ತೆಗೆದಿಡುತ್ತಿದ್ದಳಲ್ಲ, ಹಾಗೆ. ನಲ್ಲಿ ಜೋರಾಗಿ ಬಂದ ದಿನವೂ ಅವಳು ಸುಮ್ಮನೆ ಸುರಿದವಳಲ್ಲ. ನಾನು ಎಡವುತ್ತಿದ್ದದ್ದು ಅಲ್ಲಿಯೇ, ಒಳ್ಳೆಯ ದಿನಗಳಲ್ಲಿ.

ಕೆಲಸಕ್ಕೆ ಮರಳಲು ಇಲ್ಲಿ ಒಂದು ಪದ್ಧತಿಯಿದೆ, ಹ್ಯಾಂಬರ್ಗ್ ಮಾದರಿ ಎನ್ನುತ್ತಾರೆ. ಒಂದೇ ಸಲಕ್ಕೆ ಪೂರ್ತಿ ಹೊತ್ತು ದುಡಿಯಬೇಕಿಲ್ಲ. ವೈದ್ಯರು ವಾರವಾರಕ್ಕೆ ಗಂಟೆಗಳನ್ನು ಬರೆದುಕೊಡುತ್ತಾರೆ, ಕಂಪನಿ ಮತ್ತು ವಿಮೆಯವರು ಒಪ್ಪಬೇಕು. ಆ ಅವಧಿಯಲ್ಲಿ ಕಾಗದದ ಮೇಲೆ ನಾನು ಇನ್ನೂ ರೋಗಿಯೇ, ಹಣ ಬರುವುದೂ ವಿಮೆಯಿಂದಲೇ. ಆಗಸ್ಟ್ 26ಕ್ಕೆ ಶುರುವಾಯಿತು. ಮೊದಲ ಎರಡು ವಾರ ದಿನಕ್ಕೆ 2 ಗಂಟೆ. ಎಂಟು ತಿಂಗಳ ನಂತರ ನನ್ನ ಮೇಜಿನ ಮುಂದೆ ಕೂತ ಆ ದಿನ, ಪರೀಕ್ಷಾ ವರದಿಯೊಂದನ್ನು ತೆರೆದು ಓದಿ, ಅದರಲ್ಲಿದ್ದ ಒಂದು ತಪ್ಪನ್ನು ಹಿಡಿದೆ. ಅಷ್ಟೇ ಕೆಲಸ. ಮನೆಗೆ ಬಂದು ಸಂತೋಷಕ್ಕೆ ಅತ್ತೆ.

ನಂತರದ ಮೂರು ವಾರ 4 ಗಂಟೆ. ಅಲ್ಲಿ ಕೆಟ್ಟೆ. ಸಹೋದ್ಯೋಗಿಗಳು ಇಷ್ಟು ದಿನ ನನ್ನ ಭಾರ ಹೊತ್ತರಲ್ಲ ಎಂಬ ಸಂಕೋಚಕ್ಕೆ ಮೂರು ದಿನ ಆರೇಳು ಗಂಟೆ ಕೂತುಬಿಟ್ಟೆ. ನಾಲ್ಕನೆಯ ದಿನ ಸ್ನಾನದ ಮನೆಗೆ ಗೋಡೆ ಹಿಡಿದು ಹೋದೆ. ಇನ್ನು ಆಗದು ಎಂದೇ ಅಂದುಕೊಂಡೆ. ವೈದ್ಯೆ ಬೈಯಲಿಲ್ಲ, 4 ಗಂಟೆಯನ್ನೇ ಇನ್ನೆರಡು ವಾರ ಮುಂದುವರಿಸಿ ಬರೆದುಕೊಟ್ಟರು. ಅಕ್ಟೋಬರ್ 14ರಿಂದ 6 ಗಂಟೆ. ನಾಳೆಯಿಂದ 7.

ಏಳೇ ಗಂಟೆಯೇ, ಅದು ಹೇಗೆ ಪೂರ್ತಿ ಹೊತ್ತು ಎಂದು ಅಪ್ಪಾಜಿ ಹುಬ್ಬೇರಿಸುವುದು ನನಗೆ ಕಾಣುತ್ತಿದೆ. ನೀವು ವಾರಕ್ಕೆ 48 ಗಂಟೆ ದುಡಿದವರು. ಇಲ್ಲಿ ನಮ್ಮಂಥ ಲೋಹ ಮತ್ತು ವಿದ್ಯುತ್ ಉಪಕರಣಗಳ ಕಾರ್ಖಾನೆಗಳಲ್ಲಿ ಒಪ್ಪಂದದ ಪ್ರಕಾರ ವಾರಕ್ಕೆ 35 ಗಂಟೆ, 1995ರಿಂದ. ಅದು ತಾನಾಗಿ ಬಂದದ್ದಲ್ಲ. 1984ರಲ್ಲಿ ಇದೇ ಪ್ರಾಂತ್ಯದ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಹೂಡಿ, ಮೊದಲು 38.5ಕ್ಕೆ ಇಳಿಸಿಕೊಂಡು, ಆಮೇಲೆ ಹಂತಹಂತವಾಗಿ ಗೆದ್ದದ್ದು. ನಮ್ಮ ಕಾರ್ಮಿಕರ ಪ್ರತಿನಿಧಿಯಾದ ಹಿರಿಯರೊಬ್ಬರು ಆಗ ಇಪ್ಪತ್ತೆರಡರ ಹುಡುಗ. ನಗುವ ಸೂರ್ಯನ ನಡುವೆ 35 ಎಂದು ಬರೆದ ಆ ಕಾಲದ ಚೀಟಿ ಅವರ ಕಪಾಟಿನ ಬಾಗಿಲಿನ ಮೇಲೆ ಇನ್ನೂ ಅಂಟಿಕೊಂಡಿದೆ. ಆರು ವಾರಕ್ಕಿಂತ ಹೆಚ್ಚು ಕಾಯಿಲೆಯಲ್ಲಿದ್ದವರನ್ನು ಕಂಪನಿಯವರು ಕರೆದು, ಕೆಲಸ ಉಳಿಸಲು ಏನು ಮಾಡಬಹುದೆಂದು ಕೇಳಬೇಕೆಂಬ ಕಾನೂನಿದೆ. ಆ ಮಾತುಕತೆಗೆ ಆ ಹಿರಿಯರೂ ನನ್ನ ಪಕ್ಕದಲ್ಲಿ ಕೂತಿದ್ದರು. ನನಗೆ ಬೇಕಾದದ್ದನ್ನು ಕೇಳಲು ನಾಚುತ್ತಿದ್ದಾಗ, "ನೀನು ಬೇಡುತ್ತಿಲ್ಲ, ಕೇಳುತ್ತಿದ್ದೀಯೆ" ಎಂದರು. ಎತ್ತರ ಏರಿಸಿ ಇಳಿಸುವ ಮೇಜು, ಒಂಬತ್ತೂವರೆಗೆ ಶುರು, ವಾರಕ್ಕೆ ಎರಡು ದಿನ ಮನೆಯಿಂದ, ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಲು ಒಂದು ಕೋಣೆ. ಎಲ್ಲವೂ ಸಿಕ್ಕಿತು.

ಈ ಊರು ಬೆಟ್ಟಗಳ ನಡುವಿನದು, ಹಳೆಯ ಕಲ್ಲು ಮೆಟ್ಟಿಲುಗಳ ದಾರಿಗಳೇ ನಾನೂರಕ್ಕೂ ಹೆಚ್ಚು ಇವೆ. ನಾನಿರುವುದು ಮೇಲೆ. ಮೈ ಹಗುರಾಗಿದ್ದ ದಿನ ಮೆಟ್ಟಿಲಿಳಿದು ಹೋಗುತ್ತೇನೆ, ಇಲ್ಲದ ದಿನ ಹಲ್ಲುಗಾಲಿಯ ಪುಟ್ಟ ರೈಲಿನಲ್ಲಿ. ಮೊದಲು ರೈಲು ಹತ್ತಿದ ದಿನ ಸೋತೆನೆನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ.

"ಎಲ್ಲ ಬಿಟ್ಟು ಬಂದುಬಿಡು" ಎಂದು ಮಾತ್ರ ಹೇಳಬೇಡಿ. ಮನೆಗೆ ಬಂದರೆ ಅವ್ವ ನನ್ನನ್ನು ಲೋಟ ಎತ್ತಲೂ ಬಿಡುವುದಿಲ್ಲ, ನಾನು ಮತ್ತೆ ಹಾಸಿಗೆ ಹಿಡಿಯುತ್ತೇನೆ. ನನಗೆ ಈ ಕೆಲಸ ಇಷ್ಟ ಅಪ್ಪಾಜಿ. ಒಂದು ಬಿಡಿಭಾಗ ಎಲ್ಲಿ ಬಿರುಕು ಬಿಡುತ್ತದೆಂದು ಹುಡುಕಿ ತೆಗೆಯುವಾಗ ನಾನು ನನ್ನ ಮೈಯನ್ನು ಮರೆತಿರುತ್ತೇನೆ. ಚಿಕ್ಕಮ್ಮನಿಗೂ ಊರಿನವರಿಗೂ ನೀವು ಏನು ಹೇಳುತ್ತೀರೋ ಹೇಳಿ, ನನಗೆ ಅಭ್ಯಂತರವಿಲ್ಲ. ಫೋನಿನಲ್ಲಿ "ನೋವು ಹೋಯಿತೇ" ಎಂದು ಕೇಳುವ ಬದಲು "ಇವತ್ತು ಎಷ್ಟಿದೆ" ಎಂದು ಕೇಳಿ. ಹತ್ತಕ್ಕೆ ನಾಲ್ಕೋ ಆರೋ, ಇದ್ದದ್ದನ್ನು ಹೇಳುತ್ತೇನೆ.

ಅಪ್ಪಾಜಿ, ಸೊಂಟನೋವಿನ ಆ ನಿಮ್ಮ ಜೊತೆಗಾರರು ಈಗಲೂ ಹಳೆಯ ಓಣಿಯಲ್ಲೇ ಇದ್ದಾರೆಯೇ? ಇದ್ದರೆ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಏನೂ ಹೇಳುವುದು ಬೇಡ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.

ವಾರದ ನಡುವೆ ಫೋನ್ ಮಾಡಬೇಡಿ, ಸಂಜೆ ನನ್ನಲ್ಲಿ ಮಾತು ಉಳಿದಿರುವುದಿಲ್ಲ. ಶನಿವಾರ ನಿಮ್ಮ ಊಟದ ಹೊತ್ತಿಗೆ ನಾನೇ ಮಾಡುತ್ತೇನೆ. ಈ ಸಲ ದಿಂಬು ಜೋಡಿಸಿಕೊಂಡು ಕೂರುವುದಿಲ್ಲ, ಮಲಗಿಕೊಂಡೇ ಮಾತನಾಡುತ್ತೇನೆ. ಕಂಡು ಗಾಬರಿಯಾಗಬೇಡ ಅವ್ವ.

ಇಂತಿ,
ನಿಮ್ಮ ಮಗಳು