ವೇದಿಕೆಯಿಂದಿಳಿದು ಹಿರಿಯರ ಫೋಟೊ ತೆಗೆಸಿ

ಮಾನ್ಯ ಸಂಪಾದಕರೇ,

ಮದುವೆಯಾಗಿ ಏಳೆಂಟು ವರ್ಷದ ಮೇಲೆ ಆಲ್ಬಮ್ ಹಿಡಿದು ಮತ್ತೆ ಸ್ಟುಡಿಯೊ ಮೆಟ್ಟಿಲು ಹತ್ತುವವರು ಸಾಮಾನ್ಯವಾಗಿ ಕೇಳುವುದು ಗಂಡು-ಹೆಣ್ಣಿನ ಫೋಟೊವನ್ನಲ್ಲ. ರಿಸೆಪ್ಷನ್ ಗ್ರೂಪಿನ ಮೇಲೆ ಬೆರಳಿಟ್ಟು, ‘ಎಡದಿಂದ ಮೂರನೆಯವರು ನಮ್ಮ ಅಜ್ಜಿ, ಇವರೊಬ್ಬರನ್ನೇ ಕಟ್ ಮಾಡಿ ದೊಡ್ಡದು ಮಾಡಿಕೊಡಿ, ನಾಡಿದ್ದು ವೈಕುಂಠ ಸಮಾರಾಧನೆ’ ಅನ್ನುತ್ತಾರೆ. ಡ್ರೋನ್, ಪ್ರಿ-ವೆಡ್ಡಿಂಗ್, ಎಲ್‌ಇಡಿ ಪರದೆ ಎಂದು ಲಕ್ಷಗಟ್ಟಲೆ ಸುರಿದ ಮನೆಗಳಲ್ಲೂ ಹಾರ ಹಾಕಲು ಒಂದು ನೆಟ್ಟಗಿನ ಫೋಟೊ ಇರುವುದಿಲ್ಲ.

ಗ್ರೂಪಿನಿಂದ ಕತ್ತರಿಸಿದರೆ ಯಾಕೆ ಚೆನ್ನಾಗಿ ಬರುವುದಿಲ್ಲ ಎಂಬುದಕ್ಕೆ ಲೆಕ್ಕವಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 6000 ಪಿಕ್ಸೆಲ್. ವೇದಿಕೆ ಮೇಲೆ ಒಂದೇ ಸಾಲಿನಲ್ಲಿ 12 ಜನ ನಿಂತರೆ ಒಬ್ಬರ ಪಾಲಿಗೆ 500, ಅದರಲ್ಲಿ ಮುಖಕ್ಕೆ ಸಿಗುವುದು 150ರಿಂದ 200. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟ್ ಚೊಕ್ಕಟವಾಗಿ ಬರಬೇಕಾದರೆ ಇಂಚಿಗೆ 300ರಂತೆ 3600×5400 ಪಿಕ್ಸೆಲ್ ಬೇಕು, ಮುಖ ಒಂದಕ್ಕೇ ಸಾವಿರದ ಮೇಲೆ. ಇನ್ನು ಅದೇ ಗ್ರೂಪ್ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದದ್ದಾದರೆ, ಸಾಮಾನ್ಯ ಗುಣಮಟ್ಟದಲ್ಲಿ ಅಡ್ಡಕ್ಕೆ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅಜ್ಜಿಯ ಮುಖಕ್ಕೆ ಐವತ್ತೂ ಉಳಿಯುವುದು ಕಷ್ಟ. ಈಚೆಗೆ ಎಐ ಸಾಫ್ಟ್‌ವೇರ್ ಹಾಕಿ ‘ಕ್ಲಿಯರ್’ ಮಾಡಿಕೊಡುತ್ತಾರೆ. ಅದು ಇಲ್ಲದ ರೆಪ್ಪೆ, ಇಲ್ಲದ ಹಲ್ಲನ್ನು ಅಂದಾಜಿನ ಮೇಲೆ ಬರೆಯುತ್ತದೆ. ಚಿತ್ರ ಶುಭ್ರವಾಗಿರುತ್ತದೆ, ಮುಖ ಮಾತ್ರ ಅವರ ದೂರದ ಸಂಬಂಧಿಯದಿದ್ದಂತೆ ಇರುತ್ತದೆ.

ಇದಕ್ಕೆ ಪರಿಹಾರ ಅರ್ಧ ಗಂಟೆಯ ಕೆಲಸ. ಮುಹೂರ್ತದ ದಿನ ಬೆಳಿಗ್ಗೆ ಕಾಫಿ ಆಗಿ, ಹಿರಿಯರು ಸೀರೆ-ಪಂಚೆ ಉಟ್ಟು ಸಿದ್ಧರಾದ ಹೊತ್ತೇ ಸರಿಯಾದ ಹೊತ್ತು. ಧಾರೆಯಾದ ಮೇಲೆ ಅಂದುಕೊಂಡರೆ ಊಟದ ಪಂಕ್ತಿ, ಆಮೇಲೆ ದಣಿವು, ಆಗುವುದಿಲ್ಲ. ಇನ್ನೂ ಒಳ್ಳೆಯದು ಚಪ್ಪರದ ದಿನ, ಅವರವರ ಮನೆಯಲ್ಲಿ.

ಕಿಟಕಿ ಅಥವಾ ತೆರೆದ ಬಾಗಿಲಿನಿಂದ ಮೂರು ನಾಲ್ಕು ಅಡಿ ಒಳಗೆ ಕುರ್ಚಿ ಹಾಕಿ, ಬೆಳಕು ಮುಖದ ಒಂದು ಪಕ್ಕದಿಂದ ಓರೆಯಾಗಿ ಬೀಳಲಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಅರ್ಧ ಮುಖ ನೀಲಿ, ಅರ್ಧ ಹಳದಿ. ಕೆಂಪು-ಹಳದಿ ಶಾಮಿಯಾನದ ಕೆಳಗೆ ಬೇಡವೇ ಬೇಡ, ಬಟ್ಟೆಯ ಬಣ್ಣವೆಲ್ಲ ಚರ್ಮಕ್ಕಿಳಿಯುತ್ತದೆ, ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆಯಲಾಗದು. ಹಿಂದೆ ಖಾಲಿ ಗೋಡೆ, ಗೋಡೆಗೂ ಕುರ್ಚಿಗೂ ನಾಲ್ಕಡಿ ಅಂತರ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ ಆದರೆ 85 ಎಂಎಂ ಲೆನ್ಸ್, ಸಣ್ಣ ಸೆನ್ಸರ್ ಆದರೆ 50 ಸಾಕು. ಲೆನ್ಸಿನ ತೆರಪು ಎಫ್/4, ಶಟರ್ ಸೆಕೆಂಡಿನ 1/125 ಭಾಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಬೆಳಕು ನೋಡಿಕೊಂಡು. ವೈಡ್ ಲೆನ್ಸ್ ಹಿಡಿದು ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಮೊಬೈಲ್ ಸೆಲ್ಫಿಯ ಹಾರ ಹಾಕಿದ ಫೋಟೊಗಳು ವಿಚಿತ್ರವಾಗಿ ಕಾಣುವುದು ಇದರಿಂದಲೇ.

ಕನ್ನಡಕ ತೆಗೆಸಬೇಡಿ. ಜೀವನವಿಡೀ ಹಾಕಿದವರ ಮುಖ ಅದಿಲ್ಲದಿದ್ದರೆ ಗುರುತೇ ಸಿಗದು. ಗಾಜಿನಲ್ಲಿ ಕಿಟಕಿ ಹೊಳೆದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿಡಿ, ಗಾಜು ಕೆಳಮುಖವಾಗಿ ಹೊಳಪು ಹೋಗುತ್ತದೆ. ‘ಫೋಟೊ’ ಅಂದ ತಕ್ಷಣ ಹಿರಿಯರು ಉಸಿರು ಹಿಡಿದು ಪಾಸ್‌ಪೋರ್ಟ್ ಮುಖ ಮಾಡುತ್ತಾರೆ. ‘ನಗಿ ಅಜ್ಜಿ’ ಎಂದರೆ ಇನ್ನಷ್ಟು ಬಿಗಿ. ಮೊಮ್ಮಗಳೊಬ್ಬಳು ಕ್ಯಾಮೆರಾ ಪಕ್ಕ ನಿಂತು ಅವರ ಮದುವೆ ಎಲ್ಲಿ ಆಯಿತು, ಓಲಗದವರು ಯಾವ ಊರಿನವರು ಎಂದು ಕೇಳಲಿ. ಉತ್ತರ ಹೇಳಿ ಮುಗಿಸಿ ಬಾಯಿ ಮುಚ್ಚಿದ ಕೂಡಲೇ ಒತ್ತಬೇಕು. ಒಬ್ಬರಿಗೆ ಐದು ನಿಮಿಷ, ಎಂಟ್ಹತ್ತು ಕ್ಲಿಕ್, ಒಂದಾದರೂ ಸರಿಬರುತ್ತದೆ. ಕೈಗಳದ್ದೂ ಒಂದು ತೆಗೆಸಿ.

ಎಡಿಟಿಂಗ್‌ನವರಿಗೆ ಮೊದಲೇ ಹೇಳಬೇಕಾದ ಮಾತು: ಹಿರಿಯರ ಫೋಟೊಗಳಿಗೆ ಸ್ಕಿನ್ ಸ್ಮೂತ್ ಬೇಡ. ಸಾವಿರಾರು ಚಿತ್ರಗಳಿಗೆ ಒಂದೇ ಸಲ ಅದನ್ನು ಹಾಕುವಾಗ ಸುಕ್ಕಿನ ಜೊತೆ ವಿಭೂತಿಯ ಗೆರೆ ಮಾಸುತ್ತದೆ, ಹಳ್ಳಿಯ ಅಜ್ಜಿಯರ ಹಣೆ-ಗಲ್ಲದ ಹಚ್ಚೆಯ ಚುಕ್ಕಿಯನ್ನು ಕಲೆ ಎಂದು ತಿಳಿದು ಸಾಫ್ಟ್‌ವೇರ್ ಅಳಿಸಿಬಿಡುತ್ತದೆ.

ಇನ್ನೊಂದು ಕೊರತೆ ದಿನನಿತ್ಯದ ಕೆಲಸದ ಚಿತ್ರಗಳದ್ದು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಹೆಸರಾದದ್ದೇ ಸಾಮಾನ್ಯ ಜನರ, ಮಕ್ಕಳ, ಬೀದಿಯ ಬದುಕಿನ ಕಪ್ಪು-ಬಿಳುಪು ಚಿತ್ರಗಳಿಂದ. ಅಂಥ ನಾಡಿನ ಮದುವೆ ಆಲ್ಬಮ್‌ಗಳಲ್ಲಿ ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುವ ಚಿಕ್ಕಪ್ಪನೇ ಇರುವುದಿಲ್ಲ. ಹೂ ಕಟ್ಟುವವರು, ತಾಂಬೂಲದ ಚೀಲ ತುಂಬುವವರು, ಗಟ್ಟಿಮೇಳಕ್ಕೆ ಕೈ ಎತ್ತುವ ಪುರೋಹಿತರು, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆ, ಇವರನ್ನು ನಿಲ್ಲಿಸಿ ತೆಗೆದರೆ ಕೆಡುತ್ತದೆ, ಕೆಲಸದ ನಡುವೆಯೇ ತೆಗೆಯಬೇಕು. ಕ್ಯಾಂಡಿಡ್‌ಗೆಂದು ಬೇರೆ ಹುಡುಗನನ್ನು ಕರೆಸಿದ್ದರೆ ಅವನನ್ನು ಮದುಮಗಳ ಮೇಕಪ್ ಕೋಣೆಯ ಬಾಗಿಲಲ್ಲೇ ಕಾಯಿಸದೆ ಒಂದು ಗಂಟೆ ಇತ್ತ ಕಳಿಸಿ. ಛತ್ರದ ಅಡುಗೆಮನೆಯಲ್ಲಿ ಎರಡು ತೊಂದರೆ. ಎಸಿ ಹಾಲ್‌ನಿಂದ ನೇರ ಹೋದರೆ ಲೆನ್ಸ್ ಮಂಜುಗಟ್ಟುತ್ತದೆ, ಹತ್ತು ನಿಮಿಷ ಮೊದಲೇ ಹೊರಗೆ ತರಬೇಕು. ಅಗ್ಗದ ಎಲ್‌ಇಡಿ ಟ್ಯೂಬ್ ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಶಟರ್ ವೇಗ ಹೆಚ್ಚಿದಷ್ಟೂ ಚಿತ್ರದಲ್ಲಿ ಅಡ್ಡಪಟ್ಟೆ ಬರುತ್ತದೆ. 1/50 ಅಥವಾ 1/100ರಲ್ಲಿ ನಿಲ್ಲಿಸಿದರೆ ಬರುವುದಿಲ್ಲ.

ಆಲ್ಬಮ್‌ಗೆ ಆಯ್ಕೆ ಮಾಡುವವರು ಬಹುತೇಕ ಹೊಸ ಜೋಡಿ. ಅವರಿಗೆ ಸ್ನೇಹಿತರ ಗುಂಪೇ ಕಣ್ಣಿಗೆ ಬೀಳುತ್ತದೆ, ತಪ್ಪೇನಲ್ಲ. ಆದರೆ 40 ಶೀಟಿನಲ್ಲಿ ಎರಡನ್ನು ಹಿರಿಯರಿಗೆ, ಎರಡನ್ನು ಕೆಲಸದವರಿಗೆ ಎಂದು ಮೊದಲೇ ಎತ್ತಿಡಿ. ಕೊನೆಯ ಪುಟದಲ್ಲಿ ಕುಟುಂಬದ ಗ್ರೂಪ್ ಫೋಟೊ ಸಣ್ಣದಾಗಿ ಹಾಕಿ, ತಲೆಗೊಂದು ಸಂಖ್ಯೆ ಕೊಟ್ಟು ಹೆಸರು, ಊರು, ಸಂಬಂಧ ಅಚ್ಚು ಹಾಕಿಸಿ. ಇಪ್ಪತ್ತು ವರ್ಷದ ಮೇಲೆ ‘ಇವರು ಯಾರು’ ಎಂದರೆ ಹೇಳಲು ಮನೆಯಲ್ಲಿ ಯಾರೂ ಇರಲಿಕ್ಕಿಲ್ಲ.

ಮೂಲ ಫೈಲುಗಳನ್ನು ಪೆನ್‌ಡ್ರೈವ್ ಒಂದರಲ್ಲೇ ಬಿಡಬೇಡಿ. ಎರಡು ಹಾರ್ಡ್ ಡಿಸ್ಕ್, ಬೇರೆ ಬೇರೆ ಮನೆಗಳಲ್ಲಿ. ವರ್ಷಕ್ಕೊಮ್ಮೆ ಜೋಡಿಸಿ ನಾಲ್ಕು ಫೈಲ್ ತೆರೆದು ನೋಡಿ. ಹಳೆಯ ಮದುವೆ ಡಿವಿಡಿ ಇದ್ದರೆ ಈಗಲೇ ಕಾಪಿ ಮಾಡಿಸಿ. ನೆಂಟರಿಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸದೆ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಅಳತೆ ಕುಗ್ಗುವುದಿಲ್ಲ.

‘ಡೇಟಾ ಕೊಡುವುದಿಲ್ಲ, ಕಾಪಿರೈಟ್ ನಮ್ಮದು’ ಎನ್ನುವವರು ನಮ್ಮ ಛಾಯಾಗ್ರಾಹಕರಲ್ಲೂ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ. ಹಾಗಿದ್ದರೂ ಫೈಲು ಯಾವಾಗ, ಯಾವ ರೂಪದಲ್ಲಿ ಕೈಗೆ ಬರಬೇಕು, ಹಿರಿಯರ ಫೋಟೊಗೆ ಎಷ್ಟು ಹೊತ್ತು ಎಂಬುದನ್ನು ಅಡ್ವಾನ್ಸ್ ಕೊಡುವ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿ. ಆಲ್ಬಮ್ ಬಂದು ವರ್ಷ ಕಳೆದ ಮೇಲೆ ಹೋಗಿ ಕೇಳಿದರೆ, ಹಕ್ಕು ನಿಮ್ಮದೇ ಆಗಿರುತ್ತದೆ, ಆದರೆ ಸ್ಟುಡಿಯೊದ ಹಾರ್ಡ್ ಡಿಸ್ಕ್ ಅಷ್ಟರಲ್ಲಿ ಮುಂದಿನ ಸೀಸನ್‌ಗೆಂದು ಖಾಲಿಯಾಗಿರುತ್ತದೆ.

– ಮದುವೆ ಛಾಯಾಗ್ರಾಹಕ, ಹಾಸನ